ಬಿಡಿಸುವ ಮುನ್ನ ಮಡಿಸಲಾದೀತೇ ನೋಡಿ: ಕೋನಗಳ ಮೊತ್ತದ ಸೂತ್ರಗಳಿಂದ ಸುಲಭೀಕರಣ

ಪ್ರಶ್ನೆ: ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಕೋನಗಳ ಮೊತ್ತ, ವ್ಯತ್ಯಾಸದ ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಆದರೂ ಲೆಕ್ಕ ಮುಂದೆ ಬಂದಾಗ ಕೈ ಓಡುವುದಿಲ್ಲ. ಉದಾಹರಣೆಗೆ, ಸೈನ್(50° + ಕ್ಷ) ಕಾಸ್(20° + ಕ್ಷ) − ಕಾಸ್(50° + ಕ್ಷ) ಸೈನ್(20° + ಕ್ಷ) ಇದನ್ನು ಸುಲಭೀಕರಿಸಲು ಹೊರಟು ಒಂದೊಂದನ್ನೂ ಬಿಡಿಸಿ ಬರೆದೆ. ಪುಟ ತುಂಬಿತು, ಉತ್ತರ ಬರಲಿಲ್ಲ. ಉತ್ತರ 1/2 ಎಂದಷ್ಟೇ ಕೊಟ್ಟಿದ್ದಾರೆ. ಟ್ಯಾನ್ ಸೂತ್ರದಲ್ಲಂತೂ ಪ್ರತಿ ಸಲ ಚಿಹ್ನೆ ತಪ್ಪುತ್ತದೆ. ಯಾವ ಸೂತ್ರ ಎಲ್ಲಿ ಹಾಕಬೇಕೆಂದು ತಿಳಿಯುವುದು ಹೇಗೆ?

ಉತ್ತರ: ನೀವು ಹಿಡಿದ ದಾರಿ ತಪ್ಪಲ್ಲ, ಸುತ್ತುದಾರಿ. ಸೂತ್ರಗಳನ್ನು ಎಡದಿಂದ ಬಲಕ್ಕೆ ಓದಿ ಕಲಿತಿದ್ದೀರಿ: ಸೈನ್(ಅ + ಬ) ಕಂಡರೆ ಬಿಡಿಸಿ ಬರೆ. ಆದರೆ ಸುಲಭೀಕರಣದ ಲೆಕ್ಕಗಳಲ್ಲಿ ಬಹುಪಾಲು ಅದೇ ಸೂತ್ರವನ್ನು ಬಲದಿಂದ ಎಡಕ್ಕೆ ಓದಬೇಕಾಗುತ್ತದೆ. ಉದ್ದ ಇರುವುದನ್ನು ಮಡಿಸಿ ಒಂದೇ ಸೈನ್ ಅಥವಾ ಒಂದೇ ಕಾಸ್ ಮಾಡಬೇಕು. ಈ ಉತ್ತರದುದ್ದಕ್ಕೂ ಅ, ಬ ಎಂದರೆ ಯಾವುದೇ ಎರಡು ಕೋನಗಳು. ಕ್ಷ ಎಂದರೆ ಬೆಲೆ ಕೊಡದ ಕೋನ.

ಮೊದಲು ನಿಮ್ಮ ಲೆಕ್ಕವನ್ನು ನಿಮ್ಮ ದಾರಿಯಲ್ಲೇ ಕೊನೆಯವರೆಗೆ ನಡೆಸೋಣ. ಮೊದಲ ಗುಣಲಬ್ಧವನ್ನು ಬಿಡಿಸಿದರೆ ನಾಲ್ಕು ಪದಗಳು:

ಸೈನ್ 50° ಕಾಸ್ 20° ಕಾಸ್² ಕ್ಷ − ಸೈನ್ 50° ಸೈನ್ 20° ಸೈನ್ ಕ್ಷ ಕಾಸ್ ಕ್ಷ + ಕಾಸ್ 50° ಕಾಸ್ 20° ಸೈನ್ ಕ್ಷ ಕಾಸ್ ಕ್ಷ − ಕಾಸ್ 50° ಸೈನ್ 20° ಸೈನ್² ಕ್ಷ

ಎರಡನೆಯ ಗುಣಲಬ್ಧದಿಂದ ಇನ್ನು ನಾಲ್ಕು:

ಕಾಸ್ 50° ಸೈನ್ 20° ಕಾಸ್² ಕ್ಷ + ಕಾಸ್ 50° ಕಾಸ್ 20° ಸೈನ್ ಕ್ಷ ಕಾಸ್ ಕ್ಷ − ಸೈನ್ 50° ಸೈನ್ 20° ಸೈನ್ ಕ್ಷ ಕಾಸ್ ಕ್ಷ − ಸೈನ್ 50° ಕಾಸ್ 20° ಸೈನ್² ಕ್ಷ

ಈಗ ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಕಳೆಯುವ ಚಿಹ್ನೆ ನಾಲ್ಕೂ ಪದಗಳಿಗೆ ತಗಲುತ್ತದೆ. ಆವರಣ ಹಾಕದೆ ಬರೆದು ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸಿದರೆ, ಹೊಡೆದುಹೋಗಬೇಕಾದ ಮಧ್ಯದ ಪದಗಳು ಇಮ್ಮಡಿಯಾಗಿ ಕೂರುತ್ತವೆ. ನಿಮ್ಮ ಪುಟ ಸಿಕ್ಕುಹಾಕಿಕೊಂಡದ್ದು ಬಹುಶಃ ಇಲ್ಲೇ. ಸರಿಯಾಗಿ ಕಳೆದರೆ ಸೈನ್ ಕ್ಷ ಕಾಸ್ ಕ್ಷ ಇರುವ ನಾಲ್ಕೂ ಪದ ಹೋಗಿ ಉಳಿಯುವುದು

(ಸೈನ್ 50° ಕಾಸ್ 20° − ಕಾಸ್ 50° ಸೈನ್ 20°)(ಕಾಸ್² ಕ್ಷ + ಸೈನ್² ಕ್ಷ)

ಎರಡನೆಯ ಆವರಣ 1. ಮೊದಲನೆಯದು ಸೈನ್(50° − 20°) = ಸೈನ್ 30° = 1/2. ಉತ್ತರವೇನೋ ಬಂತು. ಆದರೆ ಗಮನಿಸಿ, ಎಂಟು ಪದ ಬರೆದು, ನಾಲ್ಕನ್ನು ಹೊಡೆದು ಹಾಕಿದ ಮೇಲೂ ಕೊನೆಗೆ ಸೂತ್ರವನ್ನು ಹಿಂದುಮುಂದಾಗಿ ಓದಲೇಬೇಕಾಯಿತು. ಆ ಓದನ್ನು ಮೊದಲ ಸಾಲಿನಲ್ಲೇ ಮಾಡಬಹುದಿತ್ತು. 50° + ಕ್ಷ ಅನ್ನುವುದನ್ನು ಒಡೆಯದೆ ಇಡಿಯಾಗಿ ಅ ಎನ್ನಿ, 20° + ಕ್ಷ ಅನ್ನುವುದನ್ನು ಬ ಎನ್ನಿ. ಕೊಟ್ಟದ್ದು ಸೈನ್ ಅ ಕಾಸ್ ಬ − ಕಾಸ್ ಅ ಸೈನ್ ಬ. ಅಂದರೆ ಸೈನ್(ಅ − ಬ). ಅ − ಬ ಮಾಡುವಾಗ ಕ್ಷ ತಾನಾಗಿ ಹೋಗುತ್ತದೆ, 30° ಉಳಿಯುತ್ತದೆ. ಎರಡು ಸಾಲಿನ ಲೆಕ್ಕ.

ಹೀಗೆ ಮಡಿಸಲು ಬರುತ್ತದೆಯೇ ಎಂದು ಗುರುತಿಸಲು ಸೂತ್ರದ ಬಲಭಾಗದ ಆಕಾರ ಕಣ್ಣಿಗೆ ರೂಢಿಯಾಗಬೇಕು.

ಸೈನ್(ಅ ± ಬ) = ಸೈನ್ ಅ ಕಾಸ್ ಬ ± ಕಾಸ್ ಅ ಸೈನ್ ಬ
ಕಾಸ್(ಅ ± ಬ) = ಕಾಸ್ ಅ ಕಾಸ್ ಬ ∓ ಸೈನ್ ಅ ಸೈನ್ ಬ

ಸೈನ್ ಸೂತ್ರದಲ್ಲಿ ಜೋಡಿಗಳು ಬೆರಕೆ: ಪ್ರತಿ ಗುಣಲಬ್ಧದಲ್ಲೂ ಒಂದು ಸೈನ್, ಒಂದು ಕಾಸ್. ಚಿಹ್ನೆ ಕೋನದೊಳಗಿನದೇ. ಕಾಸ್ ಸೂತ್ರದಲ್ಲಿ ಜೋಡಿಗಳು ಒಂದೇ ಜಾತಿ: ಕಾಸ್‌ಗೆ ಕಾಸ್, ಸೈನ್‌ಗೆ ಸೈನ್. ಚಿಹ್ನೆ ತಿರುಗುಮುರುಗು. ಲೆಕ್ಕ ಕಂಡ ಕೂಡಲೇ ನೋಡಬೇಕಾದದ್ದು ಎರಡೇ: ಎರಡೂ ಗುಣಲಬ್ಧಗಳಲ್ಲಿ ಅವೇ ಎರಡು ಕೋನಗಳಿವೆಯೇ? ಜೋಡಿ ಬೆರಕೆಯೋ, ಒಂದೇ ಜಾತಿಯೋ? ಇವಕ್ಕೆ ಉತ್ತರ ಸಿಕ್ಕರೆ ಯಾವ ಸೂತ್ರ ಎನ್ನುವುದು ನಿರ್ಧಾರವಾದಂತೆ. ಚಿಹ್ನೆ ನೋಡುವುದು ಆಮೇಲೆ.

ಕಾಸ್ ಸೂತ್ರದ ಚಿಹ್ನೆ ಮರೆತರೆ ಅ ಮತ್ತು ಬ ಎರಡನ್ನೂ ಒಂದೇ ಕೋನ ಮಾಡಿ ನೋಡಿ. ಕಾಸ್(ಅ − ಅ) = ಕಾಸ್ 0° = 1. ಬಲಭಾಗದಲ್ಲಿ ಕಾಸ್² ಅ ಮತ್ತು ಸೈನ್² ಅ ಕೂಡಿದರೆ ಮಾತ್ರ 1 ಬರುತ್ತದೆ. ಹಾಗಾಗಿ ವ್ಯತ್ಯಾಸದ ಕಾಸ್‌ನಲ್ಲಿ ಕೂಡುವ ಚಿಹ್ನೆಯೇ ಇರಬೇಕು. ಇದು ಹತ್ತು ಸೆಕೆಂಡಿನ ಕೆಲಸ, ಪರೀಕ್ಷೆಯ ಕೊಠಡಿಯಲ್ಲೂ ಮಾಡಬಹುದು.

ಸೂತ್ರ ಎಲ್ಲಿಂದ ಬಂತು ಎನ್ನುವುದೂ ಅಷ್ಟೇ ಚಿಕ್ಕದು. ತ್ರಿಜ್ಯ 1 ಇರುವ ವೃತ್ತದ ಮೇಲೆ ಅ ಕೋನಕ್ಕೊಂದು, ಬ ಕೋನಕ್ಕೊಂದು ಬಿಂದು ಗುರುತಿಸಿ. ಅವುಗಳ ನಡುವಿನ ದೂರದ ವರ್ಗವನ್ನು ನಿರ್ದೇಶಾಂಕಗಳಿಂದ ಲೆಕ್ಕ ಹಾಕಿದರೆ (ಕಾಸ್ ಅ − ಕಾಸ್ ಬ)² + (ಸೈನ್ ಅ − ಸೈನ್ ಬ)², ಅಂದರೆ 2 − 2(ಕಾಸ್ ಅ ಕಾಸ್ ಬ + ಸೈನ್ ಅ ಸೈನ್ ಬ). ವೃತ್ತವನ್ನು ತಿರುಗಿಸಿ ಒಂದು ಬಿಂದುವನ್ನು 0°ಗೆ ತಂದರೆ ಇನ್ನೊಂದು ಅ − ಬ ಕೋನದಲ್ಲಿ ನಿಲ್ಲುತ್ತದೆ. ಆಗ ಅದೇ ದೂರದ ವರ್ಗ 2 − 2 ಕಾಸ್(ಅ − ಬ). ಎರಡನ್ನೂ ಸಮ ಮಾಡಿದರೆ ಸೂತ್ರ ಸಿದ್ಧ. ಉಳಿದವಕ್ಕೆ ಬೇರೆ ಸಾಧನೆ ಬೇಕಿಲ್ಲ. ಬ ಬದಲು −ಬ ಹಾಕಿದರೆ ಕಾಸ್(ಅ + ಬ), ಅ ಬದಲು 90° − ಅ ಹಾಕಿದರೆ ಸೈನ್ ಸೂತ್ರ. ನಮ್ಮ ನೆಲಕ್ಕೆ ಇದು ಹೊಸದೂ ಅಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಅದರ ಜ್ಯೋತ್ಪತ್ತಿ ಭಾಗದಲ್ಲಿ ಎರಡು ಕೋನಗಳ ಮೊತ್ತ ಮತ್ತು ವ್ಯತ್ಯಾಸಗಳ ಜ್ಯಾ, ಅಂದರೆ ಸೈನ್, ಕಂಡುಹಿಡಿಯುವ ನಿಯಮ ಕೊಟ್ಟಿದ್ದಾರೆ. ಗೊತ್ತಿರುವ ಕೋನಗಳ ಜ್ಯಾಗಳಿಂದ ಗೊತ್ತಿಲ್ಲದವನ್ನು ಪಡೆದು ಕೋಷ್ಟಕ ತುಂಬಿಸಲು ಬೇಕಾದ ಸಾಧನ ಅದು.

ಈಗ ಆಕಾರ ಅಡಗಿರುವ ಲೆಕ್ಕಗಳಿಗೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲಿ.

ಸೈನ್ 70° ಕಾಸ್ 40° − ಸೈನ್ 20° ಸೈನ್ 40°

ಇದರಲ್ಲಿ ಮೂರು ಕೋನಗಳು ಕಾಣುತ್ತವೆ. ಒಂದು ಜೋಡಿ ಬೆರಕೆ, ಇನ್ನೊಂದು ಒಂದೇ ಜಾತಿ. ಯಾವ ಸೂತ್ರಕ್ಕೂ ಹೊಂದುವುದಿಲ್ಲ. ಆದರೆ 20 ಮತ್ತು 70 ಪೂರಕ ಕೋನಗಳು, ಅಂದರೆ ಕೂಡಿದರೆ 90. ಸೈನ್ 20° ಅಂದರೆ ಕಾಸ್ 70°. ಬದಲಿಸಿ ಬರೆಯಿರಿ: ಸೈನ್ 70° ಕಾಸ್ 40° − ಕಾಸ್ 70° ಸೈನ್ 40°. ಈಗ ಆಕಾರ ಬಂತು, ಉತ್ತರ ಸೈನ್ 30° = 1/2. ಮೂರು ಕೋನ ಕಂಡಾಗ ಅವುಗಳಲ್ಲಿ ಯಾವ ಎರಡು ಕೂಡಿದರೆ 90 ಅಥವಾ 180 ಆಗುತ್ತದೆ ಎಂದು ಹುಡುಕುವುದೇ ಮೊದಲ ಕೆಲಸ.

180 ಆಗುವ ಬಗೆಗೆ ಒಂದು ಉದಾಹರಣೆ: ಸೈನ್ 35° ಕಾಸ್ 25° − ಕಾಸ್ 145° ಸೈನ್ 25°. 145° = 180° − 35°. ಎರಡನೆಯ ಚತುರ್ಥಕದಲ್ಲಿ ಕಾಸ್ ಋಣ, ಆದ್ದರಿಂದ ಕಾಸ್ 145° = −ಕಾಸ್ 35°. ಕಳೆಯುವ ಚಿಹ್ನೆ ಕೂಡುವುದಾಗುತ್ತದೆ, ಮೊತ್ತ ಸೈನ್ 60° = √3/2. ಋಣ ಚಿಹ್ನೆ ಮರೆತವರಿಗೆ ಸೈನ್ 10° ಬರುತ್ತದೆ. 10°ಗೆ ನೆನಪಿಡುವಂಥ ಬೆಲೆ ಇಲ್ಲ. ಹಾಗಾಗಿ ಇಂಥ ಕಡೆ ಸೈನ್ 10° ಬಂದರೆ ಎಲ್ಲೋ ಚಿಹ್ನೆ ಕೈಕೊಟ್ಟಿದೆ ಎಂದು ಅನುಮಾನಿಸುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿಯಲ್ಲಿ ಕೋನಗಳು 0°ಯಿಂದ 90°ಯೊಳಗೇ ಇದ್ದುದರಿಂದ ಚಿಹ್ನೆ ನೋಡುವ ಅಭ್ಯಾಸವೇ ಆಗಿರುವುದಿಲ್ಲ. ಪಿಯುಸಿಯ ಮೊದಲ ತಿಂಗಳುಗಳ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ.

ಇನ್ನು ಟ್ಯಾನ್.

ಟ್ಯಾನ್(ಅ ± ಬ) = (ಟ್ಯಾನ್ ಅ ± ಟ್ಯಾನ್ ಬ) / (1 ∓ ಟ್ಯಾನ್ ಅ ಟ್ಯಾನ್ ಬ)

ಸೈನ್ ಸೂತ್ರವನ್ನು ಕಾಸ್ ಸೂತ್ರದಿಂದ ಭಾಗಿಸಿ, ಮೇಲೂ ಕೆಳಗೂ ಕಾಸ್ ಅ ಕಾಸ್ ಬ ಇಂದ ಭಾಗಿಸಿದರೆ ಇದು ಸಿಗುತ್ತದೆ. ಅಂಶ ಸೈನ್‌ನಿಂದ ಬಂದದ್ದು, ಹಾಗಾಗಿ ಕೋನದ ಚಿಹ್ನೆಯೇ. ಛೇದ ಕಾಸ್‌ನಿಂದ ಬಂದದ್ದು, ಹಾಗಾಗಿ ಚಿಹ್ನೆ ತಿರುಗುಮುರುಗು. ಅನುಮಾನ ಬಂದರೆ ಎರಡೂ ಕೋನ 45° ಎಂದು ಹಾಕಿ ನೋಡಿ. ಟ್ಯಾನ್ 90°ಗೆ ಬೆಲೆಯೇ ಇಲ್ಲ, ಅಂದರೆ ಮೊತ್ತದ ಸೂತ್ರದಲ್ಲಿ ಛೇದ ಸೊನ್ನೆಯಾಗಲೇಬೇಕು. 1 − 1 × 1 ಸೊನ್ನೆ, 1 + 1 × 1 ಅಲ್ಲ. ಮೊತ್ತಕ್ಕೆ ಛೇದದಲ್ಲಿ ಕಳೆಯುವ ಚಿಹ್ನೆ ಎಂಬುದು ಇತ್ಯರ್ಥವಾಯಿತು.

ಟ್ಯಾನ್ ಲೆಕ್ಕಗಳಲ್ಲಿ ಪದೇ ಪದೇ ವೇಷ ಬದಲಿಸಿಕೊಂಡು ಬರುವುದು 1 ಎಂಬ ಸಂಖ್ಯೆ. ಟ್ಯಾನ್ 45° = 1. ಆದ್ದರಿಂದ (1 + ಟ್ಯಾನ್ ಕ್ಷ)/(1 − ಟ್ಯಾನ್ ಕ್ಷ) ಕಂಡರೆ ಮೇಲಿನ 1 ಮತ್ತು ಕೆಳಗೆ ಟ್ಯಾನ್ ಕ್ಷ ಜೊತೆ ಕಾಣದಂತೆ ಗುಣಿಸಿಕೊಂಡಿರುವ 1 ಎರಡೂ ಟ್ಯಾನ್ 45° ಎಂದು ಓದಿಕೊಳ್ಳಿ. ಛೇದದ ಮೊದಲ 1 ಮಾತ್ರ ಸೂತ್ರದ್ದೇ. ಮಡಿಸಿದರೆ ಟ್ಯಾನ್(45° + ಕ್ಷ). ಅದನ್ನೇ ಇನ್ನೊಂದು ವೇಷದಲ್ಲಿ ಕೇಳುತ್ತಾರೆ:

(ಕಾಸ್ 15° + ಸೈನ್ 15°) / (ಕಾಸ್ 15° − ಸೈನ್ 15°)

ಮೇಲೂ ಕೆಳಗೂ ಕಾಸ್ 15°ಯಿಂದ ಭಾಗಿಸಿದರೆ (1 + ಟ್ಯಾನ್ 15°)/(1 − ಟ್ಯಾನ್ 15°), ಅಂದರೆ ಟ್ಯಾನ್ 60° = √3. ಕಾಸ್ 15°, ಸೈನ್ 15° ಬೆಲೆಗಳನ್ನು ವರ್ಗಮೂಲಗಳಲ್ಲಿ ಬರೆದು ಛೇದವನ್ನು ಅಕರಣೀಕರಿಸುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಹಗುರ.

ಟ್ಯಾನ್ ಸೂತ್ರದ ಇನ್ನೊಂದು ಬಳಕೆಯನ್ನು ಪಾಠದಲ್ಲಿ ಬೇಗ ದಾಟಿಬಿಡುತ್ತಾರೆ, ಆದರೆ ಲೆಕ್ಕಗಳು ಅದನ್ನೇ ಹಿಡಿದು ಬರುತ್ತವೆ. ಛೇದವನ್ನು ಸಮಚಿಹ್ನೆಯ ಆಚೆಗೆ ಕಳಿಸಿದರೆ

ಟ್ಯಾನ್ ಅ + ಟ್ಯಾನ್ ಬ = ಟ್ಯಾನ್(ಅ + ಬ) (1 − ಟ್ಯಾನ್ ಅ ಟ್ಯಾನ್ ಬ)

ಈ ರೂಪ ಕೈಯಲ್ಲಿದ್ದರೆ, ಟ್ಯಾನ್‌ಗಳ ಮೊತ್ತವೂ ಗುಣಲಬ್ಧವೂ ಒಟ್ಟಿಗೆ ಇರುವ ಲೆಕ್ಕಗಳು ಬಗ್ಗುತ್ತವೆ. ಟ್ಯಾನ್ 20° + ಟ್ಯಾನ್ 25° + ಟ್ಯಾನ್ 20° ಟ್ಯಾನ್ 25° ಎಷ್ಟು? ಕೋನಗಳ ಮೊತ್ತ 45°, ಅದರ ಟ್ಯಾನ್ 1. ಮೊದಲೆರಡು ಪದಗಳ ಬದಲು 1 − ಟ್ಯಾನ್ 20° ಟ್ಯಾನ್ 25° ಹಾಕಿ. ಗುಣಲಬ್ಧ ಹೊಡೆದುಹೋಗಿ 1 ಉಳಿಯುತ್ತದೆ. ಬೆಲೆ ಹಾಕಿ ನೋಡಿದರೂ ಸರಿ: 0.3640 + 0.4663 + 0.1697 = 1.0000. (1 + ಟ್ಯಾನ್ 20°)(1 + ಟ್ಯಾನ್ 25°) = 2 ಎಂದು ಸಾಧಿಸಿ ಎಂದರೂ ಇದೇ ಲೆಕ್ಕ, ಆವರಣ ಬಿಡಿಸಿ ನೋಡಿ.

ಟ್ಯಾನ್ ಸೂತ್ರಕ್ಕೆ ಒಂದು ಮಿತಿ ಇದೆ. ಟ್ಯಾನ್(90° + ಕ್ಷ) ಅನ್ನು ಇದರಿಂದ ಬಿಡಿಸಲು ಹೋದರೆ ಟ್ಯಾನ್ 90° ಬೇಕಾಗುತ್ತದೆ, ಅದು ಇಲ್ಲ. ಅಲ್ಲಿಗೆ ಕೈಚೆಲ್ಲಬೇಕಾಗಿಲ್ಲ, ಏಕೆಂದರೆ ಟ್ಯಾನ್(90° + ಕ್ಷ)ಗೆ ಬೆಲೆ ಇದೆ. ಸೈನ್, ಕಾಸ್‌ಗೆ ಇಳಿಯಿರಿ: ಸೈನ್(90° + ಕ್ಷ) = ಕಾಸ್ ಕ್ಷ, ಕಾಸ್(90° + ಕ್ಷ) = −ಸೈನ್ ಕ್ಷ, ಭಾಗಿಸಿದರೆ −ಕಾಟ್ ಕ್ಷ. ಟ್ಯಾನ್ ಕೈಕೊಟ್ಟ ಕಡೆ ಸೈನ್ ಮತ್ತು ಕಾಸ್ ಯಾವತ್ತೂ ಕೈಕೊಡುವುದಿಲ್ಲ, ಅವಕ್ಕೆ ಎಲ್ಲ ಕೋನಗಳಲ್ಲೂ ಬೆಲೆ ಇದೆ.

ಇಲ್ಲಿಯವರೆಗೆ ಮಡಿಸುವ ಮಾತು. ಬಿಡಿಸಲೇಬೇಕಾದ ಲೆಕ್ಕಗಳೂ ಇವೆ, ಅವನ್ನು ಗುರುತಿಸುವುದು ಕಷ್ಟವಲ್ಲ. ಕೋನಗಳು ಕ್ಷ + ಯಾವುದೋ ಸಂಖ್ಯೆ ಎಂಬ ರೂಪದಲ್ಲಿದ್ದು, ಸೈನ್ ಅಥವಾ ಕಾಸ್‌ಗಳು ಪರಸ್ಪರ ಗುಣಿಸಿಕೊಳ್ಳದೆ ಬರೀ ಕೂಡಿಕೊಂಡಿದ್ದರೆ ಬಿಡಿಸಿ. ಕಾಸ್(ಕ್ಷ + 60°) + ಕಾಸ್(ಕ್ಷ − 60°) ಬಿಡಿಸಿದರೆ ಸೈನ್ ಪದಗಳೆರಡೂ ಹೊಡೆದುಹೋಗಿ 2 ಕಾಸ್ ಕ್ಷ ಕಾಸ್ 60°, ಅಂದರೆ ಕಾಸ್ ಕ್ಷ.

ಇದರ ಅಣ್ಣನಂಥ ಲೆಕ್ಕ ನಮ್ಮ ಹೊಲದ ಪಂಪ್‌ಸೆಟ್ಟಿನಲ್ಲಿದೆ. ತ್ರೀ ಫೇಸ್ ವಿದ್ಯುತ್ತಿನಲ್ಲಿ ಮೂರು ತಂತಿಗಳ ವೋಲ್ಟೇಜು ಒಂದರಿಂದೊಂದು 120° ಹಿಂದೆ ಬೀಳುತ್ತಾ ಸಾಗುತ್ತದೆ. ಒಂದು ಫೇಸನ್ನು ಸೈನ್ ಕ್ಷ ಎಂದರೆ ಮುಂದಿನದು ಸೈನ್(ಕ್ಷ − 120°). ಈ ಎರಡು ತಂತಿಗಳ ನಡುವೆ ಮೀಟರ್ ಹಿಡಿದರೆ ತೋರುವುದು ಇವುಗಳ ವ್ಯತ್ಯಾಸ. ಬಿಡಿಸೋಣ. ಕಾಸ್ 120° = −1/2, ಸೈನ್ 120° = √3/2. ಆದ್ದರಿಂದ

ಸೈನ್(ಕ್ಷ − 120°) = −(1/2) ಸೈನ್ ಕ್ಷ − (√3/2) ಕಾಸ್ ಕ್ಷ
ಸೈನ್ ಕ್ಷ − ಸೈನ್(ಕ್ಷ − 120°) = (3/2) ಸೈನ್ ಕ್ಷ + (√3/2) ಕಾಸ್ ಕ್ಷ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಲೆಕ್ಕ. √3 ಅನ್ನು ಹೊರಗೆ ತೆಗೆದರೆ ಒಳಗೆ (√3/2) ಸೈನ್ ಕ್ಷ + (1/2) ಕಾಸ್ ಕ್ಷ ಉಳಿಯುತ್ತದೆ. √3/2 ಅಂದರೆ ಕಾಸ್ 30°, 1/2 ಅಂದರೆ ಸೈನ್ 30°. ಮಡಿಸಿದರೆ √3 ಸೈನ್(ಕ್ಷ + 30°). ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ ಎರಡು ಫೇಸ್‌ಗಳ ನಡುವೆ 230 × 1.732, ಸುಮಾರು 398. ರೂಢಿಯಲ್ಲಿ 400 ವೋಲ್ಟ್ ಅನ್ನುವುದು ಇದನ್ನೇ. ಮೋಟಾರಿನ ಫಲಕದ ಮೇಲೆ 415 ಎಂದು ಇದ್ದರೆ ಅದು 240 × 1.732. ಎರಡು 230ರ ವ್ಯತ್ಯಾಸ ಸೊನ್ನೆಯೂ ಆಗದೆ 460ಯೂ ಆಗದೆ 400 ಏಕಾಗುತ್ತದೆ ಎನ್ನುವುದಕ್ಕೆ ಕಾರಣ ಈ ಮೂರು ಸಾಲಿನ ತ್ರಿಕೋನಮಿತಿ.

ಈ ಕೊನೆಯ ಮಡಿಕೆಯನ್ನು ಪ್ರತ್ಯೇಕವಾಗಿ ಕಲಿಯುವುದು ಒಳ್ಳೆಯದು, ಪರೀಕ್ಷೆಗೂ ಭೌತಶಾಸ್ತ್ರಕ್ಕೂ ಬೇಕು. ಪ ಸೈನ್ ಕ್ಷ + ಮ ಕಾಸ್ ಕ್ಷ ಎಂಬುದನ್ನು ಒಂದೇ ಸೈನ್ ಮಾಡಬೇಕು. √(ಪ² + ಮ²) ಕಂಡುಹಿಡಿದು ಅದನ್ನು ಹೊರಗೆ ತೆಗೆಯಿರಿ. ಒಳಗುಳಿದ ಎರಡು ಸಹಗುಣಕಗಳ ವರ್ಗಗಳ ಮೊತ್ತ ಈಗ 1, ಆದ್ದರಿಂದ ಅವು ಯಾವುದೋ ಒಂದು ಕೋನದ ಕಾಸ್ ಮತ್ತು ಸೈನ್ ಆಗಲೇಬೇಕು. ಆ ಕೋನ ಥ ಎಂದಾದರೆ ಉತ್ತರ √(ಪ² + ಮ²) ಸೈನ್(ಕ್ಷ + ಥ). 3 ಸೈನ್ ಕ್ಷ + 4 ಕಾಸ್ ಕ್ಷ ಆದರೆ 5 ಸೈನ್(ಕ್ಷ + 53.13°), ಅದರ ಗರಿಷ್ಠ ಬೆಲೆ 5 ಎಂಬುದು ಬೇರೆ ಲೆಕ್ಕವಿಲ್ಲದೆ ತಿಳಿಯುತ್ತದೆ. 3 + 4 = 7 ಗರಿಷ್ಠ ಎಂದು ಬರೆಯುವವರಿದ್ದಾರೆ. ಸೈನ್ ಮತ್ತು ಕಾಸ್ ಎರಡೂ ಒಂದೇ ಕೋನದಲ್ಲಿ 1 ಆಗುವುದಿಲ್ಲವಲ್ಲ!

ತಪ್ಪುವುದು ಥ ಹುಡುಕುವಾಗ. −ಸೈನ್ ಕ್ಷ + √3 ಕಾಸ್ ಕ್ಷ ತೆಗೆದುಕೊಳ್ಳಿ. √(1 + 3) = 2. ಆಗ ಕಾಸ್ ಥ = −1/2, ಸೈನ್ ಥ = √3/2. ಕಾಸ್ ಋಣ, ಸೈನ್ ಧನ, ಎರಡನೆಯ ಚತುರ್ಥಕ, ಥ = 120°. ಉತ್ತರ 2 ಸೈನ್(ಕ್ಷ + 120°). ಆದರೆ ಟ್ಯಾನ್ ಥ = −√3 ಎಂದು ಬರೆದು ಕ್ಯಾಲ್ಕುಲೇಟರಿನ ವಿಲೋಮ ಟ್ಯಾನ್ ಒತ್ತಿದರೆ ಅದು −60° ತೋರಿಸುತ್ತದೆ. 2 ಸೈನ್(ಕ್ಷ − 60°) ಬಿಡಿಸಿ ನೋಡಿ: ಸೈನ್ ಕ್ಷ − √3 ಕಾಸ್ ಕ್ಷ. ಕೊಟ್ಟದ್ದರ ಪೂರ್ತಿ ಉಲ್ಟಾ. ವಿಲೋಮ ಟ್ಯಾನ್ ಕೊಡುವುದು −90° ಮತ್ತು 90°ಯ ನಡುವಿನ ಕೋನಗಳನ್ನು ಮಾತ್ರ, ಎರಡನೆಯ, ಮೂರನೆಯ ಚತುರ್ಥಕಗಳು ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಸೈನ್, ಕಾಸ್ ಎರಡರ ಚಿಹ್ನೆಯನ್ನೂ ನೋಡಿಯೇ ಥ ನಿರ್ಧರಿಸಿ.

ಸೈನ್ 5ಕ್ಷ + ಸೈನ್ 3ಕ್ಷ ಬಗೆಯ ಮೊತ್ತಗಳಿಗೆ ಬೇರೆ ನಾಲ್ಕು ಸೂತ್ರಗಳನ್ನು ಕೊಟ್ಟಿರುತ್ತಾರೆ. ಬಾಯಿಪಾಠ ಇದ್ದರೆ ಸರಿ, ಮರೆತರೆ ಗಾಬರಿ ಬೇಡ. ನಡುವಿನ ಕೋನ ಹಿಡಿಯಿರಿ: 5ಕ್ಷ = 4ಕ್ಷ + ಕ್ಷ, 3ಕ್ಷ = 4ಕ್ಷ − ಕ್ಷ. ಬಿಡಿಸಿ ಕೂಡಿದರೆ ಒಂದು ಜೋಡಿ ಹೋಗಿ 2 ಸೈನ್ 4ಕ್ಷ ಕಾಸ್ ಕ್ಷ. ಹಾಗೆಯೇ ಕಾಸ್ 5ಕ್ಷ + ಕಾಸ್ 3ಕ್ಷ = 2 ಕಾಸ್ 4ಕ್ಷ ಕಾಸ್ ಕ್ಷ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಟ್ಯಾನ್ 4ಕ್ಷ, ಕಾಸ್ ಕ್ಷ ಸೊನ್ನೆಯಲ್ಲದಿದ್ದರೆ.

ಬರವಣಿಗೆಯ ಬಗ್ಗೆ ಒಂದು ಮಾತು. ಸೈನ್(ಕ್ಷ + 30°) ಬರೆಯುವಾಗ ಆವರಣ ಬಿಡಬೇಡಿ. ಮೂರು ಸಾಲು ಕೆಳಗೆ ಹೋದ ಮೇಲೆ ಅದು ಸೈನ್ ಕ್ಷ ಜೊತೆಗೆ 30 ಕೂಡಿದಂತೆ ಕಾಣತೊಡಗುತ್ತದೆ. ಸೈನ್(ಅ + ಬ) ಅನ್ನು ಸೈನ್ ಅ + ಸೈನ್ ಬ ಎಂದು ಬಿಡಿಸುವ ತಪ್ಪು ಇನ್ನೂ ಹಳೆಯದು; 30° ಮತ್ತು 60° ಹಾಕಿದರೆ ಎಡಭಾಗ ಸೈನ್ 90° = 1, ಬಲಭಾಗ 0.5 + 0.866 = 1.366. ಯಾವ ಕೋನದ ಸೈನ್ ಕೂಡ 1 ದಾಟುವುದಿಲ್ಲ.

ಉತ್ತರ ಬಂದ ಮೇಲೆ ಪರೀಕ್ಷಿಸಲು ಕ್ಷ ಜಾಗದಲ್ಲಿ ಒಂದು ಬೆಲೆ ಹಾಕಿ ಎರಡೂ ಕಡೆ ನೋಡುವುದು ವಾಡಿಕೆ. ಆದರೆ 0° ಒಂದನ್ನೇ ಹಾಕಿ ನಂಬಬೇಡಿ. 0°ಯಲ್ಲಿ ಸೈನ್ ಕ್ಷ ಇರುವ ಪದಗಳೆಲ್ಲ ಮಾಯವಾಗುವುದರಿಂದ ಅವುಗಳಲ್ಲಿರುವ ತಪ್ಪೂ ಮಾಯವಾಗುತ್ತದೆ. 45° ಕೂಡ ಬೇಡ, ಅಲ್ಲಿ ಸೈನ್ ಮತ್ತು ಕಾಸ್ ಸಮ, ಒಂದರ ಬದಲು ಇನ್ನೊಂದು ಬರೆದಿದ್ದರೆ ಗೊತ್ತಾಗುವುದಿಲ್ಲ. 10° ಅಥವಾ 20° ಹಾಕಿ ಕ್ಯಾಲ್ಕುಲೇಟರಿನಲ್ಲಿ ನೋಡಿ. ಅದಕ್ಕೂ ಮೊದಲು ಸೈನ್ 30 ಒತ್ತಿ. 0.5 ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ, −0.988 ಬಂದರೆ ರೇಡಿಯನ್‌ನಲ್ಲಿದೆ, ಬದಲಿಸಿಕೊಳ್ಳಿ.

ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕಿಂತ ಬೇರೆ ಕಂಡಮಾತ್ರಕ್ಕೆ ತಪ್ಪೆಂದುಕೊಳ್ಳಬೇಕಿಲ್ಲ. √3 ಸೈನ್ ಕ್ಷ + ಕಾಸ್ ಕ್ಷ ಎಂಬುದಕ್ಕೆ 2 ಸೈನ್(ಕ್ಷ + 30°) ಸರಿ, 2 ಕಾಸ್(ಕ್ಷ − 60°) ಕೂಡ ಸರಿ, ಎರಡೂ ಒಂದೇ. ಸೈನ್ 75°ಯನ್ನು 45° + 30° ಎಂದು ಬಿಡಿಸಿದರೆ ಒಬ್ಬರಿಗೆ (√6 + √2)/4, ಇನ್ನೊಬ್ಬರಿಗೆ (√3 + 1)/(2√2). ದಶಮಾಂಶದಲ್ಲಿ ಎರಡೂ 0.9659.

ಕೊನೆಗೆ, ಮೇಲೆ ಹೇಳಿದ ಎರಡು ಉಪಾಯಗಳು ಒಟ್ಟಿಗೆ ಬೇಕಾಗುವ ಒಂದು ಲೆಕ್ಕ. ಟ್ಯಾನ್ 50° = ಟ್ಯಾನ್ 40° + 2 ಟ್ಯಾನ್ 10° ಎಂದು ಸಾಧಿಸಿ. 50 ಅನ್ನು 40 + 10 ಎಂದು ನೋಡಿ, ಛೇದ ಆಚೆ ಕಳಿಸಿದ ರೂಪ ಬರೆಯಿರಿ:

ಟ್ಯಾನ್ 50° − ಟ್ಯಾನ್ 50° ಟ್ಯಾನ್ 40° ಟ್ಯಾನ್ 10° = ಟ್ಯಾನ್ 40° + ಟ್ಯಾನ್ 10°

50 ಮತ್ತು 40 ಪೂರಕ ಕೋನಗಳು, ಅವುಗಳ ಟ್ಯಾನ್‌ಗಳ ಗುಣಲಬ್ಧ 1. ಎಡಭಾಗದಲ್ಲಿ ಟ್ಯಾನ್ 50° − ಟ್ಯಾನ್ 10° ಉಳಿಯಿತು, ಟ್ಯಾನ್ 10°ಯನ್ನು ಬಲಕ್ಕೆ ತಂದರೆ ಮುಗಿಯಿತು. ಬೆಲೆಗಳು: ಎಡಕ್ಕೆ 1.1918, ಬಲಕ್ಕೆ 0.8391 + 0.3527 = 1.1918. ಇದೇ ಹಾದಿಯಲ್ಲಿ ಟ್ಯಾನ್ 65° = ಟ್ಯಾನ್ 25° + 2 ಟ್ಯಾನ್ 40° ಎಂಬುದನ್ನು ನೀವೇ ಸಾಧಿಸಿ ನೋಡಿ. 65 ಅನ್ನು ಯಾವ ಎರಡಾಗಿ ಒಡೆಯಬೇಕು ಎನ್ನುವುದು ಲೆಕ್ಕದ ಬಲಭಾಗದಲ್ಲೇ ಇದೆ.